ಲ್ಯಾಪ್‌ಟಾಪ್ ಕೀಗಳ ಮಿರುಗು: ಜಿಡ್ಡೋ ಸವೆತವೋ, ಮೊದಲು ಪತ್ತೆ ಮಾಡಿ

‘ತಗೊಂಡು ಎಂಟು ತಿಂಗಳೂ ಆಗಿಲ್ಲ, ಆಗಲೇ ಕೀಗಳೆಲ್ಲ ಎಣ್ಣೆ ಸವರಿದ ಹಾಗೆ ಹೊಳೀತಿವೆ, ಎಷ್ಟು ಒರೆಸಿದರೂ ಹೋಗ್ತಾ ಇಲ್ಲ.’ ಲ್ಯಾಪ್‌ಟಾಪ್ ಕೀಬೋರ್ಡ್ ಬಗ್ಗೆ ನನ್ನ ಕಿವಿಗೆ ಬೀಳುವ ದೂರುಗಳಲ್ಲಿ ಇದೇ ಹೆಚ್ಚು. ಈ ಒಂದೇ ದೂರಿನೊಳಗೆ ಎರಡು ಬೇರೆ ಬೇರೆ ದೋಷಗಳು ಅಡಗಿರಬಹುದು. ಒಂದು, ಕೀ ಮೇಲೆ ಕೂತಿರುವ ಜಿಡ್ಡು. ಇನ್ನೊಂದು, ಕೀಯ ಮೈಯೇ ಸವೆದು ನುಣ್ಣಗಾಗಿರುವುದು. ಕಣ್ಣಿಗೆ ಎರಡೂ ಅವಳಿಜವಳಿ. ಜಿಡ್ಡಾದರೆ ಐದು ನಿಮಿಷದಲ್ಲಿ ಹೋಗುತ್ತದೆ. ಸವೆತವಾದರೆ ಯಾವ ದ್ರಾವಣಕ್ಕೂ ಬಗ್ಗುವುದಿಲ್ಲ, ಉಜ್ಜಿದಷ್ಟೂ ಹೆಚ್ಚುತ್ತದೆ. ಯಾವುದು ಎಂದು ತಿಳಿಯದೆ ಉಜ್ಜಲು ಕೂತು ಕೀಬೋರ್ಡ್ ಕೆಡಿಸಿಕೊಂಡವರು ಬೇಕಾದಷ್ಟಿದ್ದಾರೆ. ನಾನೂ ಅವರಲ್ಲೊಬ್ಬ; ಆ ಕಥೆ ಮುಂದೆ ಬರುತ್ತದೆ.

ಹಾಗಾಗಿ ಕೈಗೆ ಬಟ್ಟೆ ಎತ್ತಿಕೊಳ್ಳುವ ಮೊದಲು ಟಾರ್ಚ್ ಎತ್ತಿಕೊಳ್ಳಿ.

ಟಾರ್ಚ್ ಪರೀಕ್ಷೆ

ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಬಾಗಿಸಿ. ಕೋಣೆಯ ದೀಪ ಆರಿಸಿ. ಮೊಬೈಲ್ ಟಾರ್ಚನ್ನು ಮೇಲಿನಿಂದ ಬಿಡಬೇಡಿ. ಕೀಬೋರ್ಡಿನ ಮಟ್ಟಕ್ಕೇ ಇಳಿಸಿ, ಒಂದು ಪಕ್ಕದಿಂದ ಬೆಳಕು ಕೀಗಳ ಮೇಲೆ ಸವರಿಕೊಂಡು ಹೋಗುವಂತೆ ಹಿಡಿಯಿರಿ. ನೀವು ಎದುರು ಪಕ್ಕದಿಂದ, ಕಣ್ಣನ್ನೂ ಅಷ್ಟೇ ತಗ್ಗಿಸಿ ನೋಡಿ. ಮೇಲಿಂದ ನೋಡಿದಾಗ ಬರೀ ‘ಹೊಳಪು’ ಎನಿಸಿದ್ದು ಈಗ ವಿವರವಾಗಿ ಬಿಚ್ಚಿಕೊಳ್ಳುತ್ತದೆ.

ಹೋಲಿಸಲು ಒಂದು ಕೀ ಬೇಕು. ಎಫ್ 10, ಪಾಸ್ (Pause), ಸ್ಕ್ರಾಲ್ ಲಾಕ್ ಥರದ, ಬೆರಳು ಅಪರೂಪಕ್ಕೂ ತಾಗದ ಕೀ ಆರಿಸಿಕೊಳ್ಳಿ. ಕಾರ್ಖಾನೆಯಿಂದ ಬಂದಾಗ ನಿಮ್ಮ ಎಲ್ಲ ಕೀಗಳೂ ಹಾಗೇ ಇದ್ದವು. ಪಕ್ಕದಲ್ಲಿ ‘ಇ’ ಅಥವಾ ‘ಎ’ ಕೀ ನೋಡಿ.

ಜಿಡ್ಡಾಗಿದ್ದರೆ ಹೊಳಪಿಗೆ ಗಡಿ ಇರುವುದಿಲ್ಲ. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ಎಲ್ಲೋ ಒಂದು ಕಡೆ ಬೆರಳಚ್ಚಿನ ಗೆರೆಗಳೂ ಕಾಣುತ್ತವೆ. ಬೆರಳ ತುದಿಯಿಂದ ಮೆಲ್ಲಗೆ ಎಳೆದರೆ ಹೊಳಪಿನ ಆಕಾರ ಬದಲಾಗುತ್ತದೆ. ಸವೆತವಾಗಿದ್ದರೆ ಹೊಳಪು ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ: ಕೀಯ ನಡುವೆ, ಬೆರಳು ಬೀಳುವಲ್ಲಿ, ಉದ್ದಿನಬೇಳೆಯಂಥ ಅಂಡಾಕಾರದ ಒಂದು ಮಚ್ಚೆ, ಸುತ್ತಲ ಅಂಚು ಇನ್ನೂ ಮಂಕಾಗಿ, ತರಿತರಿಯಾಗಿ ಉಳಿದಿರುತ್ತದೆ. ಆ ಮಚ್ಚೆಯಲ್ಲಿ ಟಾರ್ಚಿನ ಪ್ರತಿಬಿಂಬ ಚುಕ್ಕೆಯಾಗಿ ಕಂಡರೆ ಅಲ್ಲಿ ತರಿ ಉಳಿದಿಲ್ಲ ಎಂದೇ ಅರ್ಥ.

ಇಷ್ಟರಲ್ಲೇ ಅರ್ಧ ಜನರಿಗೆ ಉತ್ತರ ಸಿಗುತ್ತದೆ. ಉಳಿದವರಿಗೆ ಮುಂದಿನದು.

ಅರ್ಧ ಕೀ ಪರೀಕ್ಷೆ

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಕಲಿಯಬೇಕಾದ್ದು ಇದೊಂದೇ. ಬೇಕಾದ್ದು: ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್, ಒಗೆದು ಒಣಗಿಸಿದ ಮೈಕ್ರೋಫೈಬರ್ ಬಟ್ಟೆ, ಎರಡು ನಿಮಿಷದ ತಾಳ್ಮೆ. ಎರಡನೇ ನಿಮಿಷ ಯಾಕೆ ಎಂದು ಈಗಲೇ ಹೇಳುತ್ತೇನೆ.

ಮೊದಲು ಯಾರೂ ನೋಡದ ಒಂದು ಕೀಯ ಮೂಲೆಯಲ್ಲಿ ಆಲ್ಕೊಹಾಲ್ ತಾಗಿಸಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಬಟ್ಟೆಗೆ ಬೂದು ಅಥವಾ ಕಂದು ಕೊಳೆ ಬಂದರೆ ಪರವಾಗಿಲ್ಲ. ಅಚ್ಚ ಕಪ್ಪು ಬಂದರೆ ಅದು ಕೀಯದೇ ಬಣ್ಣ. ಅಲ್ಲಿಗೇ ನಿಲ್ಲಿಸಿ, ಆ ಕೀಬೋರ್ಡಿಗೆ ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆ ಬಿಟ್ಟು ಬೇರೇನೂ ಬೇಡ.

ಬಣ್ಣ ಬಿಡದಿದ್ದರೆ, ಅತಿ ಹೆಚ್ಚು ಹೊಳೆಯುವ ಕೀ ಒಂದನ್ನು ಆರಿಸಿ. ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ, ಆಲ್ಕೊಹಾಲಿನಲ್ಲಿ ಒದ್ದೆ ಮಾಡಿ, ಹನಿ ಇಳಿಯದಷ್ಟು ಹಿಂಡಿ, ಕೀಯ ಎಡ ಅರ್ಧವನ್ನು ಮಾತ್ರ ಮೇಲಿಂದ ಕೆಳಕ್ಕೆ ನಾಲ್ಕೈದು ಸಲ ಒರೆಸಿ. ಒತ್ತುವುದು ಬೇಡ. ಒರೆಸಿದ ಕೂಡಲೇ ಆ ಭಾಗ ಇನ್ನಷ್ಟು ಹೊಳೆಯುತ್ತದೆ. ಗಾಬರಿ ಬೇಡ, ಅದು ಒದ್ದೆಯ ಹೊಳಪು. ಎರಡನೇ ನಿಮಿಷ ಇದಕ್ಕೇ. ಆರಿದ ಮೇಲೆ ಮತ್ತೆ ಟಾರ್ಚ್ ಹಿಡಿಯಿರಿ.

ಎಡ ಅರ್ಧ ಮಂಕಾಗಿ ಬಲ ಅರ್ಧ ಹೊಳೆಯುತ್ತಿದ್ದರೆ ಬರೀ ಜಿಡ್ಡು, ಅದೃಷ್ಟವಂತರು. ಎರಡೂ ಅರ್ಧ ಒಂದೇ ಥರ ಹೊಳೆಯುತ್ತಿದ್ದರೆ ಸವೆತ. ವರ್ಷಗಟ್ಟಲೆ ಬಳಸಿದ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರನೇ ಫಲಿತಾಂಶ: ಒರೆಸಿದ ಅರ್ಧ ಸ್ವಲ್ಪ ಮಂಕಾಗಿರುತ್ತದೆ, ಆದರೆ ಪಾಸ್ ಕೀಯಷ್ಟು ಅಲ್ಲ. ಅಂದರೆ ಸವೆದ ಮೈ ಮೇಲೆ ಜಿಡ್ಡೂ ಕೂತಿದೆ. ಜಿಡ್ಡು ತೆಗೆಯಿರಿ, ಉಳಿದದ್ದನ್ನು ಒಪ್ಪಿಕೊಳ್ಳಿ.

ನಂಬಿಕೆ ಬರದಿದ್ದರೆ ಉಲ್ಟಾ ಪರೀಕ್ಷೆಯೂ ಇದೆ. ತೋರುಬೆರಳಿನಿಂದ ಮೂಗಿನ ಪಕ್ಕವನ್ನು ಒಮ್ಮೆ ಸವರಿ, ಆ ಬೆರಳನ್ನು ಮುಟ್ಟದ ಎಫ್ 10 ಕೀ ಮೇಲೆ ಒತ್ತಿ. ಕ್ಷಣದಲ್ಲಿ ಅದು ನಾಲ್ಕು ವರ್ಷ ಬಳಸಿದ ಕೀಯಂತೆ ಹೊಳೆಯುತ್ತದೆ. ಆಲ್ಕೊಹಾಲಿನಲ್ಲಿ ಒರೆಸಿದರೆ ಮತ್ತೆ ಹೊಸದು. ಜಿಡ್ಡಿನ ಹೊಳಪು ಎಷ್ಟು ಬೇಗ ಬರುತ್ತದೆ, ಎಷ್ಟು ಬೇಗ ಹೋಗುತ್ತದೆ ಎನ್ನುವುದು ಕಣ್ಣಾರೆ ತಿಳಿಯುತ್ತದೆ.

ಹೊಳಪು ಬರುವುದು ಹೇಗೆ

ಕೀ ಹೊಸದಿದ್ದಾಗ ಮಂಕಾಗಿ ಕಾಣುವುದು ಅದರ ಬಣ್ಣದಿಂದಲ್ಲ, ತರಿಯಿಂದ. ಅಚ್ಚಿನಲ್ಲೇ ಅತಿ ಸಣ್ಣ ಉಬ್ಬುತಗ್ಗುಗಳನ್ನು ಮಾಡಿರುತ್ತಾರೆ, ಅಥವಾ ಮೇಲೆ ತರಿಯಿರುವ ಬಣ್ಣದ ಪದರ ಹೊದಿಸಿರುತ್ತಾರೆ. ಬೆಳಕು ಅದರ ಮೇಲೆ ಬಿದ್ದು ದಿಕ್ಕಾಪಾಲಾಗಿ ಚೆದುರುತ್ತದೆ, ಕಣ್ಣಿಗೆ ಮಂಕು. ಈ ತರಿ ಕಾಣದಂತಾಗಲು ಎರಡೇ ದಾರಿ: ತಗ್ಗುಗಳು ತುಂಬಬೇಕು, ಇಲ್ಲವೇ ಉಬ್ಬುಗಳು ಸವೆಯಬೇಕು. ಜಿಡ್ಡು ಮಾಡುವುದು ಮೊದಲನೆಯದು. ಒಣಗಿದಾಗ ಬಿಳಚಿಕೊಂಡಿದ್ದ ಬಂಡೆಕಲ್ಲು ಮಳೆಗೆ ನೆನೆದಾಗ ಮಿರುಗುತ್ತದಲ್ಲ, ಅದೇ ಲೆಕ್ಕ. ನೀರು ತಗ್ಗುಗಳನ್ನು ತುಂಬಿ ಮೇಲ್ಮೈಯನ್ನು ಸಪಾಟು ಮಾಡಿರುತ್ತದೆ. ಎರಡನೆಯದು ಹೊಳೆಯ ಕಲ್ಲು ನುಣ್ಣಗಾದ ಹಾಗೆ. ಒಣಗಿಸಿದರೂ ಅದು ಮತ್ತೆ ಒರಟಾಗುವುದಿಲ್ಲ.

ಹಾಗಾದರೆ ಉಬ್ಬು ಸವೆಸುವವರು ಯಾರು? ಬೆರಳೇ ಎಂದುಕೊಳ್ಳುತ್ತೇವೆ. ಆದರೆ ಬೆರಳಿನ ಚರ್ಮ ಪ್ಲಾಸ್ಟಿಕ್‌ಗಿಂತ ಮೆತ್ತಗೆ. ಸವೆತದ ಬಹುಪಾಲನ್ನು ಮಾಡುವುದು ನಡುವೆ ಸಿಕ್ಕಿಕೊಂಡ ದೂಳು. ದೂಳಿನಲ್ಲಿ ಮರಳಿನ ಕಣ ಇರುತ್ತದೆ, ಅಂದರೆ ಸ್ಫಟಿಕಶಿಲೆ. ಗಡಸುತನದ ಮೋಸ್ ಅಳತೆಯಲ್ಲಿ ಅದರ ಸ್ಥಾನ 7, ಮಾಮೂಲಿ ಚಾಕುವಿನ ಉಕ್ಕಿಗಿಂತ ಮೇಲೆ. ಜಿಡ್ಡು ಈ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆರಳು ಅದನ್ನು ದಿನಕ್ಕೆ ಸಾವಿರಾರು ಸಲ ಉಜ್ಜುತ್ತದೆ. ಪಾಲಿಶ್ ಪೇಸ್ಟ್ ಎಂದರೆ ಇನ್ನೇನು? ಎಣ್ಣೆಯಲ್ಲಿ ಕಲಸಿದ ಗಟ್ಟಿ ಪುಡಿ, ಅಷ್ಟೇ. ಹಾಗಾಗಿ ಜಿಡ್ಡು ಮತ್ತು ಸವೆತ ಬೇರೆ ಬೇರೆ ದೋಷಗಳಾದರೂ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಜಿಡ್ಡನ್ನು ಆಗಾಗ ತೆಗೆಯುವವನ ಕೀಬೋರ್ಡ್ ತಡವಾಗಿ ಸವೆಯುತ್ತದೆ.

ಇನ್ನೊಂದು ಸ್ವಾರಸ್ಯ. ಅಂಗೈಯಲ್ಲಿ, ಬೆರಳ ತುದಿಯ ಒಳಮೈಯಲ್ಲಿ ಎಣ್ಣೆಗ್ರಂಥಿಗಳೇ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ. ಹಾಗಾದರೆ ಕೀ ಮೇಲಿನ ಜಿಡ್ಡು ಎಲ್ಲಿಂದ ಬಂತು? ಮುಖದಿಂದ, ತಲೆಗೂದಲಿನಿಂದ, ತಿಂದದ್ದರಿಂದ, ಹಚ್ಚಿಕೊಂಡ ಕ್ರೀಮಿನಿಂದ. ಯೋಚನೆ ಮಾಡುವಾಗ ಗಲ್ಲಕ್ಕೆ ಕೈ ಕೊಡುವವರು, ಹಣೆ ಸವರಿಕೊಳ್ಳುವವರು, ಕೂದಲು ಹಿಂದಕ್ಕೆ ತಳ್ಳುತ್ತಲೇ ಇರುವವರು ತಮ್ಮ ಕೀಬೋರ್ಡಿಗೆ ತಾವೇ ಎಣ್ಣೆ ಹೊಯ್ಯುತ್ತಿರುತ್ತಾರೆ. ‘ನನ್ನ ಕೈಯೇ ಹಾಗೆ, ಎಣ್ಣೆಕೈ’ ಎನ್ನುವವರಿಗೆ ನಾನು ಹೇಳುವುದು: ಅರ್ಧ ಗಂಟೆ ನಿಮ್ಮ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಗಮನಿಸಿ.

ಪ್ಲಾಸ್ಟಿಕ್ಕಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಲ್ಯಾಪ್‌ಟಾಪ್ ಕೀಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಬಿಎಸ್. ಅಚ್ಚಿಗೆ ಸುಲಭ, ಆದರೆ ಬೇಗ ನುಣ್ಣಗಾಗುತ್ತದೆ. ಬಿಡಿಯಾಗಿ ಸಿಗುವ ಮೆಕ್ಯಾನಿಕಲ್ ಕೀಬೋರ್ಡುಗಳಲ್ಲಿ ಪಿಬಿಟಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸಿಗುತ್ತದೆ. ಅದು ಗಡಸು, ಜಿಡ್ಡಿಗೂ ರಾಸಾಯನಿಕಕ್ಕೂ ಅಷ್ಟಾಗಿ ಬಗ್ಗುವುದಿಲ್ಲ, ಹೊಳಪು ಬರಲು ಬಹಳ ಕಾಲ ಬೇಕು. ಲ್ಯಾಪ್‌ಟಾಪಿನಲ್ಲಿ ನಮಗೆ ಆ ಆಯ್ಕೆ ಸಿಗುವುದು ಅಪರೂಪ.

ಹೊಳಪು ಎಲ್ಲಿದೆ ಎನ್ನುವುದೂ ಸಾಕ್ಷಿಯೇ

ಕೀಬೋರ್ಡಿನ ಹೊಳಪಿನ ನಕ್ಷೆ ನೋಡಿದರೆ ಯಾರು, ಏನು ಮಾಡುತ್ತಾರೆ ಎಂದು ಮುಕ್ಕಾಲು ಪಾಲು ಹೇಳಬಹುದು. ಇಂಗ್ಲಿಷ್ ಬರೆಯುವವರದ್ದು ‘ಇ’, ‘ಎ’, ‘ಟಿ’, ‘ಓ’ ಮೊದಲು ಹೊಳೆಯುತ್ತವೆ. ಡಬ್ಲ್ಯೂ, ಎ, ಎಸ್, ಡಿ ನಾಲ್ಕೇ ಕನ್ನಡಿಯಾಗಿದ್ದರೆ ಆಟದ ಹುಚ್ಚು. ಎಡಗಡೆಯ ಕಂಟ್ರೋಲ್ ಜೊತೆ ಸಿ, ವಿ ಮಿರುಗುತ್ತಿದ್ದರೆ ಏನು ನಡೆದಿದೆ ಎಂದು ಹೇಳಬೇಕಿಲ್ಲ. ಕನ್ನಡ ಬರೆಯುವವರ ನಕ್ಷೆಯೇ ಬೇರೆ: ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅರ್ಧಾಕ್ಷರದ ಚಿಹ್ನೆ (್) ‘ಡಿ’ ಕೀಯಲ್ಲಿದೆ, ಕ.ಗ.ಪ. (ಕನ್ನಡ ಗಣಕ ಪರಿಷತ್ತು) ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ‘ಎಫ್’ ಒತ್ತಬೇಕು. ನಮ್ಮ ಭಾಷೆಯಲ್ಲಿ ಒತ್ತಕ್ಷರಕ್ಕೆ ಬರವೇ? ಆ ಕೀಗಳ ಪಾಡು ದೇವರಿಗೇ ಪ್ರೀತಿ.

ಸ್ಪೇಸ್ ಬಾರ್ ನೋಡಿ. ಹೊಳಪು ಸಾಮಾನ್ಯವಾಗಿ ಒಂದೇ ಬದಿಯಲ್ಲಿರುತ್ತದೆ, ಹೆಬ್ಬೆರಳಗಲದ ಒಂದು ಮಚ್ಚೆ. ಎರಡು ಕೈಯಲ್ಲಿ ಟೈಪ್ ಮಾಡಿದರೂ ಸ್ಪೇಸ್ ಒತ್ತುವುದು ಒಂದೇ ಹೆಬ್ಬೆರಳಿನಿಂದ ಎಂದು ಹಲವರಿಗೆ ಗೊತ್ತಾಗುವುದೇ ಆ ಮಚ್ಚೆ ನೋಡಿದ ಮೇಲೆ. ಇದು ಮಾಮೂಲು; ದೋಷವಲ್ಲ.

ಅನುಮಾನ ಪಡಬೇಕಾದ್ದು ಬೆರಳಿನ ಲೆಕ್ಕಕ್ಕೆ ಕೂಡದ ಹೊಳಪನ್ನು.

ಎಲ್ಲ ಕೀಗಳೂ, ಮುಟ್ಟದ ಪಾಸ್ ಕೀ ಸಹ, ಒಂದೇ ಸಮ ಹೊಳೆಯುತ್ತಿದ್ದರೆ ತಪ್ಪು ಬೆರಳಿನದ್ದಲ್ಲ, ಒರೆಸಿದ್ದರದ್ದು. ಯಾವುದೋ ಪಾಲಿಶ್, ಲೋಷನ್ ಇರುವ ಒದ್ದೆ ಟಿಶ್ಯೂ ಅಥವಾ ಉಜ್ಜುವ ಸ್ಪಂಜು ಅಲ್ಲಿ ಓಡಾಡಿದೆ. ಅರ್ಧ ಕೀ ಪರೀಕ್ಷೆಯಲ್ಲಿ ಹೋದರೆ ಲೋಷನ್, ಹೋಗದಿದ್ದರೆ ಸ್ಪಂಜು.

ಕೀಗಳ ನಡು ಮಂಕಾಗಿದ್ದು ಅಂಚು ಮೂಲೆಗಳಷ್ಟೇ ಹೊಳೆದರೆ, ಮೇಲಿಂದ ಏನೋ ತಾಗುತ್ತಿದೆ. ಸಿಲಿಕೋನ್ ಹೊದಿಕೆ ಇರಬಹುದು, ಮುಚ್ಚಳ ಹಾಕಿದಾಗ ಪರದೆಯೇ ತಾಗುತ್ತಿರಬಹುದು. ಪರದೆಯನ್ನು ಆಫ್ ಮಾಡಿ ಓರೆಯಾಗಿ ನೋಡಿ: ಕೀಗಳ ಆಕಾರದ ಚೌಕಚೌಕ ಗುರುತುಗಳಿದ್ದರೆ ಪ್ರಶ್ನೆಗೆ ಉತ್ತರ ಸಿಕ್ಕಿತು. ಚೀಲದಲ್ಲಿ ಪುಸ್ತಕಗಳ ಕೆಳಗೆ ಸಿಕ್ಕಿ ಒತ್ತಿಸಿಕೊಳ್ಳುವ ತೆಳು ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯ.

ಹೊಳಪೆಂದು ತಪ್ಪು ತಿಳಿಯುವ ಬೇರೆ ದೋಷಗಳು

ಅಕ್ಷರ ಅಳಿಸಿಹೋಗುವುದು ಹೊಳಪಿನ ಮುಂದಿನ ಹಂತ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅಕ್ಷರವನ್ನು ಹೇಗೆ ಬರೆದಿದ್ದಾರೆ ಎನ್ನುವುದರ ಮೇಲೆ ಅದು ನಿಂತಿದೆ. ಹಿಂಬೆಳಕು ಇರುವ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಕೀ ನಿಜಕ್ಕೂ ಕಪ್ಪಲ್ಲ. ಬೆಳಕು ತೂರುವ ಹಾಲುಬಣ್ಣದ ಪ್ಲಾಸ್ಟಿಕ್. ಅದಕ್ಕೆ ಕಪ್ಪು ಬಣ್ಣ ಬಳಿದು, ಅಕ್ಷರದ ಆಕಾರದಲ್ಲಿ ಮಾತ್ರ ಲೇಸರಿನಿಂದ ಆ ಬಣ್ಣ ಸುಟ್ಟು ತೆಗೆದಿರುತ್ತಾರೆ. ಅಂದರೆ ಅಲ್ಲಿ ಅಳಿಸಿಹೋಗಲು ಅಕ್ಷರವೇ ಇಲ್ಲ, ಇರುವುದು ತೂತು! ಅಳಿಯುವುದು ಸುತ್ತಲ ಕಪ್ಪು. ಕೋಣೆ ಕತ್ತಲು ಮಾಡಿ ಹಿಂಬೆಳಕು ಪೂರ್ತಿ ಹಾಕಿ. ಅಕ್ಷರದ ಅಂಚು ದಪ್ಪಗಾಗಿ ಹರಡಿದ್ದರೆ, ಅಥವಾ ಕೀಯ ಮೂಲೆಯಲ್ಲಿ ನಕ್ಷತ್ರದಂಥ ಬೆಳಕಿನ ಚುಕ್ಕಿ ಕಂಡರೆ ಬಣ್ಣದ ಪದರ ಕಿತ್ತುಹೋಗಲು ಶುರುವಾಗಿದೆ. ಇಂಥ ಕೀಗಳಿಗೆ ಆಲ್ಕೊಹಾಲ್ ಬೇಡ, ಉಗುರು ತಾಗಿಸುವುದೂ ಬೇಡ.

ಉಗುರು ಎಂದಾಗ ನೆನಪಾಯಿತು. ಟಾರ್ಚ್ ಬೆಳಕಿನಲ್ಲಿ ಕೀ ಮೇಲೆ ಬಿದಿಗೆ ಚಂದ್ರನಂಥ ಸಣ್ಣ ಗೀರುಗಳು ಗುಂಪಾಗಿ ಕಂಡರೆ, ಅದು ಬೆರಳಿನ ಸವೆತವಲ್ಲ, ಉಗುರಿನದ್ದು. ನುಣ್ಣಗಾದ ಮಚ್ಚೆಗೂ ಇದಕ್ಕೂ ವ್ಯತ್ಯಾಸ ಸ್ಪಷ್ಟ. ಉಗುರು ಕತ್ತರಿಸಿಕೊಂಡರೆ ಮುಂದೆ ಆಗುವುದು ನಿಲ್ಲುತ್ತದೆ.

ಕೀ ಮುಟ್ಟಿದರೆ ಅಂಟಂಟಾಗಿದ್ದು, ಆಲ್ಕೊಹಾಲಿನಲ್ಲಿ ಒರೆಸಿದ ಮೇಲೂ ಅಂಟು ಹೋಗದಿದ್ದರೆ ಮೇಲಿನ ರಬ್ಬರಿನಂಥ ಮೆದು ಲೇಪನವೇ ಕರಗುತ್ತಿದೆ. ವರ್ಷಗಳ ತೇವಕ್ಕೆ ಆ ಬಗೆಯ ಲೇಪನ ಹಾಗಾಗುತ್ತದೆ. ಇನ್ನು ಬಿಳಿ ಕಲೆ, ಕೂದಲೆಳೆ ಬಿರುಕು ಕಂಡರೆ ಯಾವುದೋ ದ್ರಾವಕ ತಾಗಿದೆ: ಉಗುರು ಬಣ್ಣ ತೆಗೆಯುವ ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸೊಳ್ಳೆ ಓಡಿಸುವ ಕ್ರೀಮುಗಳಲ್ಲಿರುವ ಡೀಟ್ ಕೂಡ ಹಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಸಂಜೆ ಹೊತ್ತು ಅದನ್ನು ಕೈಗೆ ಹಚ್ಚಿಕೊಂಡು ನೇರ ಟೈಪ್ ಮಾಡಲು ಕೂತರೆ ಕೀ ಮೇಲೆ ಬೆರಳಚ್ಚು ಶಾಶ್ವತವಾಗಿ ಮೂಡಿಬಿಡಬಹುದು.

ನಾನು ಮಾಡಿದ ಎಡವಟ್ಟು

ಈಗ ಆ ಕಥೆ. ನನ್ನ ಹಳೆಯ ಲ್ಯಾಪ್‌ಟಾಪಿನ ‘ಎ’ ಕೀ ಹೊಳೆಯಲು ಶುರುವಾದಾಗ ನಾನು ಇಲ್ಲಿ ಬರೆದ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಗೋಡೆ ಮೇಲಿನ ಕಲೆ ತೆಗೆಯುವ ಬಿಳಿ ಸ್ಪಂಜು ಮನೆಯಲ್ಲಿತ್ತು. ಒದ್ದೆ ಮಾಡಿ ಅರ್ಧ ನಿಮಿಷ ಉಜ್ಜಿದೆ. ಸ್ಪಂಜು ಕಪ್ಪಾಯಿತು, ‘ಅಬ್ಬಾ, ಎಷ್ಟು ಕೊಳೆ!’ ಎಂದು ಹಿಗ್ಗಿ ಹೋದೆ. ಒದ್ದೆ ಆರುವ ಮೊದಲೇ ಪಕ್ಕದ ‘ಎಸ್’, ‘ಡಿ’, ಆಮೇಲೆ ಉತ್ಸಾಹ ತಡೆಯದೆ ಮೇಲಿನ ಸಾಲಿನ ಅರ್ಧ. ಮಾರನೇ ದಿನ ಬೆಳಿಗ್ಗೆ ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ನೋಡಿದರೆ, ಉಜ್ಜಿದ ಒಂಬತ್ತು ಕೀಗಳು ಅಂಚಿನಿಂದ ಅಂಚಿಗೆ ಗಾಜಿನ ಹಾಗೆ ಮಿರುಗುತ್ತಿವೆ. ಬೆರಳಿನಿಂದ ನಡುವಷ್ಟೇ ಸವೆದಿದ್ದ ‘ಎ’ ಕೀಯಲ್ಲಿ ಉಳಿದಿದ್ದ ಮಂಕು ಅಂಚೂ ಮಾಯ. ಸ್ಪಂಜಿಗೆ ಹತ್ತಿದ ಕಪ್ಪಿನಲ್ಲಿ ಕೊಳೆಯ ಜೊತೆ ಕೀಯ ಪುಡಿಯೂ ಇತ್ತು.

ಆ ಸ್ಪಂಜು ಮೆಲಮೈನ್ ಎಂಬ ಗಟ್ಟಿ ರಾಳದ ನೊರೆ. ಕೈಗೆ ಮೆತ್ತಗೆ, ಕೆಲಸದಲ್ಲಿ ಅತಿ ನುಣುಪಾದ ಉಪ್ಪುಕಾಗದ. ಟೂತ್‌ಪೇಸ್ಟ್, ಅಡಿಗೆ ಸೋಡಾ ಇವೂ ಅದೇ ಬಳಗ; ಹಲ್ಲಿನ ಕಲೆ ತೆಗೆಯುವ ಪುಡಿ ಕೀಯ ತರಿಯನ್ನು ಬಿಟ್ಟೀತೇ? ‘ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಕೀ ಹೊಸದಾಗುತ್ತದೆ’ ಎನ್ನುವ ಸಲಹೆ ಕೇಳಿದಾಗಲೆಲ್ಲ ನನಗೆ ಆ ಒಂಬತ್ತು ಕೀಗಳು ನೆನಪಾಗುತ್ತವೆ.

ಬೇಡದ್ದರ ಪಟ್ಟಿ ಇಲ್ಲೇ ಮುಗಿಸಿಬಿಡುತ್ತೇನೆ. ಅಸಿಟೋನ್ ಬೇಡ, ಥಿನ್ನರ್ ಬೇಡ, ಬ್ಲೀಚ್ ಬೇಡ, ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ಬೇಡ. ಮಗುವಿನ ಮೈ ಒರೆಸುವ ಒದ್ದೆ ಟಿಶ್ಯೂಗಳಲ್ಲಿ ಚರ್ಮ ಮೃದುವಾಗಿಸುವ ಎಣ್ಣೆಯಂಶ ಇರುತ್ತದೆ, ಜಿಡ್ಡು ತೆಗೆಯಲು ಹೋಗಿ ಜಿಡ್ಡು ಬಳಿದಂತೆ.

ಜಿಡ್ಡು ತೆಗೆಯುವ ಕ್ರಮ

ಮೊದಲು ಒಣ ಕೆಲಸ. ಇದನ್ನು ಬಿಟ್ಟು ನೇರ ಒದ್ದೆ ಬಟ್ಟೆಗೆ ಹೋಗುವವರೇ ಹೆಚ್ಚು. ಕೀ ಮೇಲೆ ದೂಳಿದ್ದಾಗ ಒದ್ದೆ ಬಟ್ಟೆ ಎಳೆದರೆ ಆ ಮರಳಕಣಗಳನ್ನೇ ಉಜ್ಜಿದಂತಾಗುತ್ತದೆ. ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿದು, ಮೆದು ಕೂದಲಿನ ಬ್ರಷ್‌ನಿಂದ ದೂಳು ಕೊಡವಿ. ಗಾಳಿ ಡಬ್ಬಿ ಇದ್ದರೆ ದೂರದಿಂದ, ಬಿಟ್ಟು ಬಿಟ್ಟು ಊದಿ.

ಆಮೇಲೆ ಬಟ್ಟೆ. ದ್ರಾವಣವನ್ನು ಯಾವತ್ತೂ ಕೀಬೋರ್ಡ್ ಮೇಲೆ ನೇರ ಸಿಂಪಡಿಸಬಾರದು. ಬಟ್ಟೆಗೆ ಹಾಕಿ, ಹಿಂಡಿ, ಒಂದೊಂದೇ ಸಾಲನ್ನು ಒಂದೇ ದಿಕ್ಕಿನಲ್ಲಿ ಒರೆಸಿ. ಸಾಲಿಗೊಮ್ಮೆ ಬಟ್ಟೆಯ ಮಗ್ಗುಲು ಬದಲಿಸಿ. ಶೇ 99ಕ್ಕಿಂತ ಶೇ 70ರ ಆಲ್ಕೊಹಾಲ್ ಇಲ್ಲಿ ಒಳ್ಳೆಯದು ಎನ್ನಲು ಕಾರಣವಿದೆ: ಜಿಡ್ಡು ಆಲ್ಕೊಹಾಲಿಗೆ ಬಿಡುತ್ತದೆ, ಬೆವರಿನ ಉಪ್ಪು ನೀರಿಗೆ ಬಿಡುತ್ತದೆ, ಶೇ 70ರದ್ದರಲ್ಲಿ ಎರಡೂ ಇವೆ, ಅಷ್ಟು ಬೇಗ ಹಾರಿಯೂ ಹೋಗುವುದಿಲ್ಲ. ಬಣ್ಣ ಬಳಿದ ಕೀಗಳಿಗೆ ಇದನ್ನೂ ತಿಂಗಳಿಗೊಮ್ಮೆಗಿಂತ ಹೆಚ್ಚು ಬಳಸಬೇಡಿ. ನಡುವೆ ನೀರಲ್ಲಿ ಹಿಂಡಿದ ಬಟ್ಟೆಯೇ ಸಾಕು.

ಬಟ್ಟೆಯ ಬಗ್ಗೆ ಒಂದು ಮಾತು. ಮೈಕ್ರೋಫೈಬರ್ ಎಳೆಗಳ ಗುಣವೇ ದೂಳನ್ನು ಹಿಡಿದಿಟ್ಟುಕೊಳ್ಳುವುದು. ಮೇಜು, ಕನ್ನಡಕ, ಮೊಬೈಲ್ ಎಲ್ಲಕ್ಕೂ ಬಳಸಿ ತಿಂಗಳಾದರೂ ಒಗೆಯದ ಬಟ್ಟೆ ಉಪ್ಪುಕಾಗದದ ತಮ್ಮ. ಕೀಬೋರ್ಡಿಗೆಂದೇ ಒಂದು ಇಟ್ಟುಕೊಳ್ಳಿ. ಒಗೆಯುವಾಗ ಬಟ್ಟೆ ಮೆದುಗೊಳಿಸುವ ದ್ರಾವಣ ಹಾಕಬೇಡಿ, ಅದರ ಅಂಶ ಎಳೆಗೆ ಅಂಟಿ ಮತ್ತೆ ಕೀ ಮೇಲೆ ಬರುತ್ತದೆ.

ಮತ್ತೆ ಬಾರದಂತೆ

ಎಲ್ಲಕ್ಕಿಂತ ಫಲ ಕೊಡುವುದು ತೀರಾ ಸಪ್ಪೆ ಸಲಹೆ: ಕೂರುವ ಮೊದಲು ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಕೈಗೆ ಕ್ರೀಮ್, ಸನ್‌ಸ್ಕ್ರೀನ್ ಹಚ್ಚಿದ್ದರೆ ಚರ್ಮ ಅದನ್ನು ಹೀರಿಕೊಳ್ಳುವವರೆಗೆ ಕಾಯಿರಿ, ಬೆರಳ ತುದಿಗಳನ್ನಷ್ಟೇ ಟಿಶ್ಯೂನಲ್ಲಿ ಒರೆಸಿಕೊಂಡರೂ ಆದೀತು. ಸ್ಯಾನಿಟೈಸರ್ ಹಾಕಿದ ಕೈ ಒದ್ದೆಯಾಗಿದ್ದಾಗ ಕೀ ಮುಟ್ಟಬೇಡಿ. ಅದರಲ್ಲಿರುವ ಗ್ಲಿಸರಿನ್ ಕೀ ಮೇಲೆ ಪದರವಾಗಿ ಕೂರುತ್ತದೆ.

ದಿನದ ಕೆಲಸ ಮುಗಿದ ಮೇಲೆ ಮುಚ್ಚಳ ಹಾಕುವ ಮೊದಲು ಒಣ ಬಟ್ಟೆಯಿಂದ ಹತ್ತು ಸೆಕೆಂಡ್ ಹಗುರವಾಗಿ ಸವರುವ ಅಭ್ಯಾಸ ನನಗೆ ಅಂಟಿದೆ. ಜಿಡ್ಡು ಹಸಿಯಾಗಿದ್ದಾಗಲೇ ಹೋದರೆ ಆಲ್ಕೊಹಾಲಿನ ಸರದಿ ಬರುವುದು ಕಡಿಮೆ, ಪರದೆಗೆ ಚೌಕ ಗುರುತು ಹತ್ತುವುದೂ ಕಡಿಮೆ.

ಒತ್ತಡವೂ ಒಂದು ಪಾಲುದಾರ. ಲ್ಯಾಪ್‌ಟಾಪ್ ಕೀ ಇಳಿಯುವುದು ಒಂದೂವರೆ ಮಿಲಿಮೀಟರ್ ಆಸುಪಾಸು, ಅಷ್ಟೇ. ಟೈಪ್‌ರೈಟರ್ ಕಾಲದ ಕೈಯಿಂದ ಕುಟ್ಟಿದರೂ ಅಕ್ಷರ ಮೂಡುವುದು ಒಂದೇ. ಕುಟ್ಟುವುದಕ್ಕಿಂತಲೂ ಕೆಡಿಸುವುದು ಎಳೆಯುವುದು: ಒಂದು ಕೀ ಒತ್ತಿ, ಬೆರಳು ಎತ್ತದೆ ಪಕ್ಕದ ಕೀಗೆ ಜಾರಿಸುವ ಅಭ್ಯಾಸ ಇದ್ದರೆ ಹೊಳಪು ನಡುವಿನಿಂದ ಒಂದು ಬದಿಗೆ ವಾಲಿರುತ್ತದೆ. ಟಾರ್ಚ್ ಹಿಡಿದು ನೋಡಿ, ನಿಮ್ಮದು ಯಾವ ಕಡೆ ವಾಲಿದೆ.

ಕೀಬೋರ್ಡ್ ಹೊದಿಕೆ ಹಾಕಬೇಕೆ? ಇದಕ್ಕೆ ನೇರ ಉತ್ತರ ಕೊಡಲು ನನಗೆ ಸ್ವಲ್ಪ ಹಿಂಜರಿಕೆ. ಅಳತೆಗೆ ಸರಿಯಾಗಿ ಕೂರುವ ತೆಳು ಹೊದಿಕೆ ಬೆರಳಿನ ಜಿಡ್ಡನ್ನು ಖಂಡಿತ ತಡೆಯುತ್ತದೆ. ಆದರೆ ಅದನ್ನು ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕದಿದ್ದರೆ ಅಡಿಯಲ್ಲಿ ದೂಳು ಸೇರಿ, ಪ್ರತಿ ಒತ್ತಿಗೂ ಕೀಯ ಮೈಯನ್ನೇ ಉಜ್ಜುತ್ತದೆ. ಕೀಗಳ ಸಂದಿಯಿಂದ ಗಾಳಿ ಎಳೆದುಕೊಳ್ಳುವ ವಿನ್ಯಾಸದ ಲ್ಯಾಪ್‌ಟಾಪ್ ಆದರೆ ಬಿಸಿಯಾಗುತ್ತದೆ. ತೆಳು ಲ್ಯಾಪ್‌ಟಾಪುಗಳಲ್ಲಿ ಕೀಗೂ ಪರದೆಗೂ ನಡುವೆ ಇರುವ ಜಾಗವೇ ಕಾಗದದಷ್ಟು. ಹೊದಿಕೆ ತೆಗೆಯದೆ ಮುಚ್ಚಳ ಹಾಕಿದರೆ ಪರದೆ ಒಡೆಯಬಹುದು. ಕೀ ಮಿರುಗು ತಪ್ಪಿಸಲು ಹೋಗಿ ಪರದೆ ಒಡೆದುಕೊಳ್ಳುವುದು ಇಲಿ ಓಡಿಸಲು ಮನೆಗೆ ಬೆಂಕಿ ಇಟ್ಟಂತೆ. ತೆಗೆದು ಹಾಕುವ ಶಿಸ್ತು ಇದ್ದವರು ಹಾಕಲಿ. ನನಗಿಲ್ಲ, ನಾನು ಹಾಕುವುದಿಲ್ಲ.

ದಿನವಿಡೀ ಒಂದೇ ಮೇಜಿನಲ್ಲಿ ಕೂತು ಬರೆಯುವವರಿಗೆ ಇದಕ್ಕಿಂತ ಸರಳ ದಾರಿ ಇದೆ. ಪಿಬಿಟಿ ಕೀಗಳ ಹೊರ ಕೀಬೋರ್ಡ್ ಒಂದನ್ನು ಜೋಡಿಸಿ, ಲ್ಯಾಪ್‌ಟಾಪಿನದ್ದನ್ನು ಪ್ರಯಾಣಕ್ಕೆ ಉಳಿಸಿಕೊಳ್ಳಿ. ಹೊರ ಕೀಬೋರ್ಡಿನ ಕೀಕ್ಯಾಪ್ ಸವೆದರೆ ಕಿತ್ತು ಬೇರೆ ಹಾಕಬಹುದು. ಅದು ಲ್ಯಾಪ್‌ಟಾಪಿನಲ್ಲಿ ಅಷ್ಟು ಸುಲಭವಲ್ಲ.

ಸವೆದೇ ಹೋಗಿದ್ದರೆ

ಸವೆದ ತರಿಯನ್ನು ಮನೆಯಲ್ಲಿ ಮರಳಿ ತರಲು ದಾರಿಯಿಲ್ಲ. ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡುವ ಪ್ರಯೋಗ ಮಾಡಿದವರಿದ್ದಾರೆ. ಗೀರು ಗೀರಾಗಿ ಕಾಣುತ್ತದೆ, ಬಣ್ಣ ಬಳಿದ ಕೀಯಾದರೆ ಹಿಂಬೆಳಕು ಎಲ್ಲೆಂದರಲ್ಲಿ ಸೋರುತ್ತದೆ.

ಮ್ಯಾಟ್ ಸ್ಟಿಕ್ಕರ್ ಅಂಟಿಸಬಹುದು. ಹಿಂಬೆಳಕು ಬೇಕಿದ್ದರೆ ಅಕ್ಷರ ಪಾರದರ್ಶಕವಾಗಿರುವುದನ್ನೇ ಆರಿಸಬೇಕು. ‘ಎಫ್’, ‘ಜೆ’ ಕೀಗಳ ಮೇಲಿನ ಸಣ್ಣ ಉಬ್ಬುಗೆರೆಯನ್ನು ಸ್ಟಿಕ್ಕರ್ ಮುಚ್ಚಿಬಿಟ್ಟರೆ ನೋಡದೆ ಟೈಪ್ ಮಾಡುವವರಿಗೆ ಕೈ ದಿಕ್ಕೆಡುತ್ತದೆ. ಆ ಎರಡನ್ನು ಹಾಗೇ ಬಿಡಿ.

ಒಂದೆರಡು ಕೀಕ್ಯಾಪ್ ಮಾತ್ರ ಬದಲಿಸಬೇಕೆಂದರೆ ನಿಮ್ಮ ಮಾದರಿಗೇ ಹೊಂದುವುದು ಬೇಕು. ಕ್ಯಾಪ್ ಕೆಳಗೆ ಕತ್ತರಿಯಾಕಾರದ ಎರಡು ಪುಟ್ಟ ತೋಳುಗಳಿರುತ್ತವೆ. ಕ್ಯಾಪಿನ ಕೊಕ್ಕೆಗಳು ಅವಕ್ಕೆ ಸಿಕ್ಕಿರುತ್ತವೆ. ಕೊಕ್ಕೆ ಒಂದು ಮುರಿದರೂ ಕೀ ಓಲಾಡುತ್ತದೆ. ಯಾವ ಅಂಚಿನಿಂದ ಎತ್ತಬೇಕು ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ತಿಳಿಯದೆ ಸ್ಕ್ರೂಡ್ರೈವರ್ ತೂರಿಸಬೇಡಿ. ಸ್ಪೇಸ್ ಬಾರ್, ಶಿಫ್ಟ್, ಎಂಟರ್ ಥರದ ಉದ್ದ ಕೀಗಳ ಕೆಳಗೆ ತಂತಿಯ ಆಧಾರವೂ ಇರುವುದುಂಟು, ಅವನ್ನು ರಿಪೇರಿಯವರಿಗೇ ಬಿಡುವುದು ಲೇಸು.

ಇಡೀ ಕೀಬೋರ್ಡ್ ಬದಲಿಸುವ ಮುನ್ನ ಅದು ಹೇಗೆ ಕೂತಿದೆ ಎಂದು ಕೇಳಿ. ಸ್ಕ್ರೂ ಹಾಕಿ ಕೂರಿಸಿದ್ದಾದರೆ ಬದಲಿಸುವುದು ಸುಲಭ. ಮೇಲಿನ ಚೌಕಟ್ಟಿಗೇ ರಿವೆಟ್ ಹೊಡೆದಿದ್ದರೆ ಚೌಕಟ್ಟು ಸಮೇತ ಬದಲಿಸಬೇಕಾಗುತ್ತದೆ, ಬರೀ ಹೊಳಪಿಗಾಗಿ ಅಷ್ಟು ಮಾಡುವುದು ಮೂಗಿಗಿಂತ ಮೂಗುತಿ ಭಾರ. ಹೊಳೆಯುವ ಕೀ ಒತ್ತಿದರೂ ಅಕ್ಷರ ಮೂಡಿಯೇ ಮೂಡುತ್ತದೆ.

ವಾರಂಟಿಯಲ್ಲಿ ಬಳಕೆಯ ಸವೆತ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಕೆಲವೇ ವಾರಗಳಲ್ಲಿ ಬಣ್ಣ ಪದರವಾಗಿ ಏಳುತ್ತಿದ್ದರೆ ಅದು ಸವೆತವಲ್ಲ, ತಯಾರಿಕೆಯ ದೋಷ, ಕೇಳುವ ಹಕ್ಕಿದೆ. ಅಂಥ ಹೊತ್ತಿಗೆ ಬೇಕಾದೀತೆಂದು ಹೊಸ ಲ್ಯಾಪ್‌ಟಾಪ್ ಪೆಟ್ಟಿಗೆಯಿಂದ ತೆಗೆದ ದಿನವೇ ಟಾರ್ಚ್ ಬೆಳಕಿನಲ್ಲಿ ಕೀಬೋರ್ಡಿನ ಒಂದು ಫೋಟೊ ತೆಗೆದಿಡಿ, ಮೂರು ತಿಂಗಳಿಗೊಮ್ಮೆ ಅದೇ ಕೋನದಲ್ಲಿ ಇನ್ನೊಂದು. ನನ್ನ ಈಗಿನ ಲ್ಯಾಪ್‌ಟಾಪಿನದ್ದು ಹೀಗೆ ಏಳು ಫೋಟೊಗಳಾಗಿವೆ. ಏಳನೆಯದರಲ್ಲಿ ಸ್ಪೇಸ್ ಬಾರಿನ ಬಲಬದಿಯಲ್ಲಿ ಹೆಬ್ಬೆರಳಗಲದ ಮಚ್ಚೆ ಮೆಲ್ಲಗೆ ಕಾಣಿಸಿಕೊಂಡಿದೆ. ‘ಎ’ ಕೀ ಇನ್ನೂ ಮಂಕಾಗೇ ಇದೆ.